ಅಲೆಯನ್ನು ಬಾಣವಾಗಿಸಿದ ಸ್ಟೈನ್‌ಮೆಟ್ಜ್

1889ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದ ಕಾರ್ಲ್ ಸ್ಟೈನ್‌ಮೆಟ್ಜ್‌ನನ್ನು ವಲಸೆ ಅಧಿಕಾರಿಗಳು ಹಿಂದಕ್ಕೆ ಕಳುಹಿಸುವುದರಲ್ಲಿದ್ದರು. 4 ಅಡಿಯ ಆಸುಪಾಸಿನ ಗೂನುಬೆನ್ನಿನ ದೇಹ, ಕೈಯಲ್ಲಿ ಕಾಸಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಜೊತೆಗಿದ್ದ ಗೆಳೆಯ ಹೊಣೆ ಹೊತ್ತದ್ದರಿಂದ ಪ್ರವೇಶ ದೊರಕಿತು. ನಿಯಮಾವಳಿ ನೋಡಿ ಮನುಷ್ಯರನ್ನು ಅಳೆಯುವ ಆ ಮೇಜಿನ ಹಿಂದಿನ ಮನಸ್ಸು, ಸರ್ಕಾರಿ ಸೇವೆಯಲ್ಲಿ ಬಾಳು ಸವೆಸಿದ ನನಗೆ ಅಪರಿಚಿತವಲ್ಲ.

ಆತ ಹುಟ್ಟಿದ್ದು 1865ರಲ್ಲಿ, ಅಂದಿನ ಪ್ರಷ್ಯದ ಬ್ರೆಸ್ಲೌ ನಗರದಲ್ಲಿ. ಗಣಿತದ ವಿದ್ಯಾರ್ಥಿಯಾಗಿದ್ದಾಗಲೇ ಸಮಾಜವಾದಿ ಪತ್ರಿಕೆಯ ಕೆಲಸಕ್ಕಿಳಿದು, ಬಂಧನದ ಭೀತಿಯಿಂದ 1888ರಲ್ಲಿ ಪದವಿಯನ್ನೂ ಕೈಬಿಟ್ಟು ಜೂರಿಕ್‌ಗೆ ಓಡಿದ. ಅಮೆರಿಕದಲ್ಲಿ ಐಕ್‌ಮೈಯರ್ ಎಂಬ ಉದ್ಯಮಿ ಕೆಲಸ ಕೊಟ್ಟ. 1893ರ ಷಿಕಾಗೊ ವಿದ್ಯುತ್ ಸಮ್ಮೇಳನಕ್ಕೆ ಆತ ಬರೆದ ಪ್ರಬಂಧ ಎಂಜಿನಿಯರುಗಳ ಲೆಕ್ಕದ ರೀತಿಯನ್ನೇ ಬದಲಿಸಿತು.

ಪರ್ಯಾಯ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುವ ಅಲೆ. ಪ್ರತಿ ತಂತಿ, ಪ್ರತಿ ಸುರುಳಿಗೂ ಕಲನಶಾಸ್ತ್ರದ ಸಮೀಕರಣ ಬಿಡಿಸಬೇಕಿತ್ತು. ಆದರೆ ಮಂಡಲದ ಎಲ್ಲ ಅಲೆಗಳೂ ಒಂದೇ ವೇಗದಲ್ಲಿ ಏರಿಳಿಯುವಾಗ ತಿಳಿಯಬೇಕಾದ್ದು ಎರಡೇ: ಅಲೆಯ ಎತ್ತರ, ಮತ್ತು ಅದು ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂಬುದು. ಉದ್ದ ಮತ್ತು ಕೋನವುಳ್ಳ ಒಂದು ಬಾಣ, ಅಂದರೆ ಒಂದು ಸಂಕೀರ್ಣ ಸಂಖ್ಯೆ, ಇವೆರಡನ್ನೂ ಹೇಳುತ್ತದೆ. ಇಂದು ಅದಕ್ಕೆ ಫೇಸರ್ ಎಂದು ಹೆಸರು. ಸಮೀಕರಣದ ಜಾಗಕ್ಕೆ ಕೂಡುವುದು, ಗುಣಿಸುವುದು ಬಂತು. ಅದೇ ವರ್ಷ ಆರ್ಥರ್ ಕೆನೆಲಿಯೂ ಇದೇ ದಾರಿ ಹಿಡಿದಿದ್ದ. ಶ್ರೇಯಸ್ಸೆಲ್ಲ ಒಬ್ಬನದೇ ಎನ್ನುವುದು ನ್ಯಾಯವಲ್ಲ.

ಉತ್ತರ ಬಂದ ಮೇಲೆ ಬಾಣವನ್ನು ಮತ್ತೆ ಅಲೆಯಾಗಿಸಬೇಕು. ನಮ್ಮ ಮನೆಯ 230 ವೋಲ್ಟನ್ನೇ ತೆಗೆದುಕೊಳ್ಳಿ. ಕೋನ ಮೈನಸ್ 30 ಡಿಗ್ರಿ ಇರಲಿ. 230 ಎಂಬುದು ಒಂದು ಬಗೆಯ ಸರಾಸರಿ. 2ರ ವರ್ಗಮೂಲದಿಂದ ಗುಣಿಸಿದರೆ ಅಲೆಯ ತುದಿ ಸುಮಾರು 325. ಅಷ್ಟುದ್ದದ ಬಾಣವನ್ನು ಸೆಕೆಂಡಿಗೆ 50 ಸುತ್ತು, ಅಂದರೆ 314 ರೇಡಿಯನ್ನಿನಂತೆ ತಿರುಗಿಸಿದರೆ, ಅಡ್ಡಗೆರೆಯ ಮೇಲೆ ಬೀಳುವ ಅದರ ನೆರಳೇ ನಾವು ಹುಡುಕುವ ಅಲೆ: 325 ಕೊಸೈನ್ (314 ಟಿ − 30°), ಟಿ ಎಂದರೆ ಕಾಲ. ಅರ್ಥಶಾಸ್ತ್ರ ಓದಿದ ನನಗೆ ಇದು ಶ್ರಮದ ದೊಡ್ಡ ಉಳಿತಾಯವಾಗಿಯೂ ಕಾಣುತ್ತದೆ.

ಐಕ್‌ಮೈಯರ್ ಕಾರ್ಖಾನೆಯನ್ನು ಜನರಲ್ ಎಲೆಕ್ಟ್ರಿಕ್ ಕೊಂಡಾಗ ಆತನೂ ಆ ಕಂಪನಿಗೆ ಸೇರಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಯಂತ್ರಗಳು ಅದೇ ಕಂಪನಿಯವು. ಬಂಡವಾಳಶಾಹಿ ಸಂಸ್ಥೆಯಲ್ಲಿದ್ದೂ ಆತ ಸಮಾಜವಾದ ಬಿಡಲಿಲ್ಲ. ಸ್ಕೆನೆಕ್ಟಡಿ ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷನಾದ, ವಿದ್ಯುದೀಕರಣಕ್ಕೆ ನೆರವಾಗುವೆನೆಂದು ಲೆನಿನ್‌ಗೆ ಪತ್ರ ಬರೆದ, 1922ರಲ್ಲಿ ರಾಜ್ಯದ ಎಂಜಿನಿಯರ್ ಹುದ್ದೆಯ ಚುನಾವಣೆಗೆ ನಿಂತು ಸೋತ.

ಗೂನು ವಂಶಪಾರಂಪರ್ಯವಾಗಿ ಬಂದದ್ದು. ಅದು ಮಕ್ಕಳಿಗೂ ತಗುಲೀತೆಂದು ಮದುವೆಯಾಗದೆ ಉಳಿದ. ಸಹಾಯಕ ಜೋಸೆಫ್ ಹೇಡನ್‌ನನ್ನು ದತ್ತು ಪಡೆದು, ಆತನ ಮೂವರು ಮಕ್ಕಳಿಗೆ ತಾತನಾಗಿ ಅದೇ ಮನೆಯಲ್ಲಿ ಬಾಳಿ, 1923ರ ಅಕ್ಟೋಬರ್ 26ರಂದು ತೀರಿಕೊಂಡ.