ಹಣ ಕಟ್ ಆಯ್ತು, ಆ ಕಡೆ ಬರಲಿಲ್ಲ! ಈ ತೊಡಕನ್ನು ಬಿಡಿಸಲು ಹೊರಟ ಜಿಮ್ ಗ್ರೇ ಯಾರು?

ಗಂಡಸಿ ಹ್ಯಾಂಡ್‌ಪೋಸ್ಟ್‌ನ ಒಂದು ಅಂಗಡಿಯಲ್ಲಿ ಹಿಂಡಿ, ಬೂಸಾ ಕೊಂಡು ಫೋನಿನಲ್ಲೇ 850 ರೂಪಾಯಿ ಕಳಿಸಿದಿರಿ ಎಂದುಕೊಳ್ಳಿ. ನಿಮ್ಮ ಖಾತೆಯಿಂದ ಹಣ ಕಟ್ ಆದ ಮೆಸೇಜ್ ಬಂತು. ಅಂಗಡಿಯವರ ಫೋನ್ ಮಾತ್ರ ಸುಮ್ಮನಿದೆ. ಪರದೆ ಮೇಲೆ ಪೆಂಡಿಂಗ್ ಎಂದು ತೋರಿಸುತ್ತಿದೆ. ಸರ್ವರ್ ಡೌನ್ ಇದ್ದಾಗ ಕಳಿಸಿದ ಹಣ ಹೋದಂತೆಯೇ ಎಂಬ ಮಾತನ್ನು ನೀವೂ ಕೇಳಿರುತ್ತೀರಿ.

ಅದು ನಿಜವಲ್ಲ. ಯಾಕೆ ಎಂದು ತಿಳಿಯಬೇಕಾದರೆ ಜಿಮ್ ಗ್ರೇ ಎಂಬ ವಿಜ್ಞಾನಿಯ ಕಥೆ ಗೊತ್ತಿರಬೇಕು.

ಯಾರು ಈ ಗ್ರೇ?

ಜಿಮ್ ಗ್ರೇ ಹುಟ್ಟಿದ್ದು 1944ರಲ್ಲಿ, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, 1969ರಲ್ಲಿ ಅಲ್ಲಿನ ಕಂಪ್ಯೂಟರ್ ವಿಜ್ಞಾನದ ಮೊದಲ ಪಿಎಚ್‌ಡಿ ಪಡೆದರು. 1970ರ ದಶಕದಲ್ಲಿ ಐಬಿಎಂ ಸೇರಿ ಸಿಸ್ಟಮ್ ಆರ್ ಎಂಬ ಯೋಜನೆಯಲ್ಲಿ ದುಡಿದರು. ಇವತ್ತಿನ ಬ್ಯಾಂಕ್ ಡೇಟಾಬೇಸ್‌ಗಳಿಗೆ ಅದೇ ಅಡಿಪಾಯ.

ಒಂದೇ ಲೆಕ್ಕದ ಪುಸ್ತಕಕ್ಕೆ ಸಾವಿರಾರು ಜನ ಒಟ್ಟಿಗೆ ಕೈ ಹಾಕಿದರೆ ಲೆಕ್ಕ ಕೆಡಬಾರದು. ಮಧ್ಯದಲ್ಲಿ ಕರೆಂಟ್ ಹೋದರೂ ಕೆಡಬಾರದು. ಇದು ಹೇಗೆ ಸಾಧ್ಯ ಎಂಬುದೇ ಗ್ರೇ ಅವರ ಮುಂದಿದ್ದ ಪ್ರಶ್ನೆ. ಅವರು ಗಟ್ಟಿಮಾಡಿದ ನಿಯಮ ಸರಳ: ಒಂದು ವ್ಯವಹಾರ ಪೂರ್ತಿ ಆಗಬೇಕು, ಇಲ್ಲವೇ ಆಗಲೇ ಇಲ್ಲ ಎಂಬಂತಿರಬೇಕು. ಅರ್ಧಕ್ಕೆ ನಿಲ್ಲುವಂತಿಲ್ಲ. ಅದಕ್ಕಾಗಿ ಖಾತೆ ತಿದ್ದುವ ಮೊದಲೇ ಏನು ತಿದ್ದುತ್ತೇವೆ ಎಂದು ಬೇರೆ ಕಡೆ ಬರೆದಿಡಬೇಕು. ಯಂತ್ರ ಕೆಟ್ಟು ಮತ್ತೆ ಶುರುವಾದಾಗ ಆ ಬರಹ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ.

ಎರಡು ಬ್ಯಾಂಕು, ಒಂದು ಒಪ್ಪಿಗೆ

ಒಂದೇ ಕಂಪ್ಯೂಟರ್ ಆದರೆ ಇಷ್ಟು ಸಾಕು. ಆದರೆ ನಿಮ್ಮದೊಂದು ಬ್ಯಾಂಕು, ಅಂಗಡಿಯವರದು ಇನ್ನೊಂದು. ಎರಡೂ ಕಡೆಯ ಯಂತ್ರಗಳು ಒಂದೇ ತೀರ್ಮಾನಕ್ಕೆ ಬರಬೇಕು. 1978ರ ಟಿಪ್ಪಣಿಗಳಲ್ಲಿ ಗ್ರೇ ಇದಕ್ಕೆ ಎರಡು ಹಂತದ ಒಪ್ಪಂದದ ಕ್ರಮವನ್ನು ವಿವರಿಸಿದರು.

ಇದನ್ನು ನಮ್ಮೂರಿನ ಮದುವೆ ಮಾತುಕತೆಯಂತೆ ನೋಡಿ. ಮಧ್ಯಸ್ಥರು ಮೊದಲು ಗಂಡಿನವರನ್ನೂ ಹೆಣ್ಣಿನವರನ್ನೂ ಒಪ್ಪಿಗೆಯೇ ಎಂದು ಕೇಳುತ್ತಾರೆ. ಇದು ಮೊದಲ ಹಂತ. ಇಬ್ಬರೂ ಹೂಂ ಅಂದರೆ ತಾಂಬೂಲ ಬದಲಾಯಿಸಿಕೊಳ್ಳಲು ಹೇಳುತ್ತಾರೆ. ಇದು ಎರಡನೇ ಹಂತ. ಒಬ್ಬರು ಬೇಡ ಅಂದರೂ ಮಾತು ಅಲ್ಲಿಗೇ ಮುಗಿಯಿತು.

ತೊಂದರೆ ಇರುವುದು ನಡುವೆ. ಇಬ್ಬರೂ ಒಪ್ಪಿಗೆ ಕೊಟ್ಟ ಮೇಲೆ ಮಧ್ಯಸ್ಥರು ಸಿಗದೇ ಹೋದರೆ? ಮದುವೆ ಮಾಡುವಂತಿಲ್ಲ, ಬೇರೆ ಸಂಬಂಧ ನೋಡುವಂತೆಯೂ ಇಲ್ಲ. ಯಂತ್ರಗಳೂ ಹೀಗೇ ಕಾದು ಕೂರುತ್ತವೆ.

ಯಂತ್ರ ಕೆಡುವುದೇಕೆ?

1980ರಲ್ಲಿ ಗ್ರೇ ಟ್ಯಾಂಡಮ್ ಕಂಪನಿ ಸೇರಿದರು. ಒಂದು ಭಾಗ ಕೆಟ್ಟರೂ ನಿಲ್ಲದ ಕಂಪ್ಯೂಟರ್‌ಗಳನ್ನು ಬ್ಯಾಂಕು, ಶೇರು ಮಾರುಕಟ್ಟೆಗಳಿಗೆ ಕೊಡುತ್ತಿದ್ದ ಕಂಪನಿ ಅದು. ಕಂಪ್ಯೂಟರ್ ಏಕೆ ನಿಲ್ಲುತ್ತದೆ ಎಂದು 1985ರಲ್ಲಿ ಅವರು ಲೆಕ್ಕ ಹಾಕಿದಾಗ ಹೆಚ್ಚಿನ ಪಾಲು ಯಂತ್ರದ್ದಾಗಿರಲಿಲ್ಲ. ಅದನ್ನು ನಡೆಸುವ ಮನುಷ್ಯರ ತಪ್ಪು ಮತ್ತು ಸಾಫ್ಟ್‌ವೇರ್ ದೋಷಗಳೇ ಮುಂದಿದ್ದವು.

1998ರಲ್ಲಿ ಅವರಿಗೆ ಕಂಪ್ಯೂಟರ್ ಕ್ಷೇತ್ರದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಆಗ ಅವರು ಮೈಕ್ರೋಸಾಫ್ಟ್‌ನಲ್ಲಿದ್ದರು. ಅಲ್ಲೇ ಲೆಸ್ಲಿ ಲ್ಯಾಂಪೋರ್ಟ್ ಜೊತೆ ಹಳೆಯ ತೊಡಕಿಗೆ ಮರಳಿದರು. 2006ರಲ್ಲಿ ಪ್ರಕಟವಾದ ಅವರಿಬ್ಬರ ಪ್ರಬಂಧದ ತಿರುಳು ಇದು: ಒಬ್ಬ ಮಧ್ಯಸ್ಥನನ್ನು ನಂಬಬೇಡಿ, ಹಲವು ಸಾಕ್ಷಿಗಳನ್ನು ಇಡಿ. ಯಾರು ಒಪ್ಪಿದರು ಎಂಬುದು ಐದು ಸಾಕ್ಷಿಗಳಲ್ಲಿ ಮೂವರ ಬಳಿ ದಾಖಲಾದರೆ ಸಾಕು. ಇಬ್ಬರು ಕಾಣೆಯಾದರೂ ಉಳಿದವರ ದಾಖಲೆ ನೋಡಿ ಹೊಸ ಮಧ್ಯಸ್ಥರು ಮಾತು ಮುಗಿಸಬಹುದು.

ಸಮುದ್ರಕ್ಕೆ ಹೋದವರು ಮರಳಲಿಲ್ಲ

2007ರ ಜನವರಿ 28ರಂದು ಗ್ರೇ ತಮ್ಮ ತಾಯಿಯ ಚಿತಾಭಸ್ಮ ವಿಸರ್ಜಿಸಲು ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ಸ್ಯಾನ್‌ಫ್ರಾನ್ಸಿಸ್ಕೋ ಹತ್ತಿರದ ಫ್ಯಾರಲಾನ್ ದ್ವೀಪಗಳ ಕಡೆಗೆ ಹೋದ ದೋಣಿ ಮತ್ತೆ ಕಾಣಲೇ ಇಲ್ಲ. ಕರಾವಳಿ ಪಡೆ ದಿನಗಟ್ಟಲೆ ಹುಡುಕಿತು. ಸಾವಿರಾರು ಜನ ತಮ್ಮ ಮನೆಗಳಲ್ಲೇ ಕೂತು, ಅಂತರ್ಜಾಲಕ್ಕೆ ಹಾಕಿದ್ದ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಜಾಲಾಡಿದರು. ಏನೂ ಸಿಗಲಿಲ್ಲ. ಕಾನೂನಿನ ಪ್ರಕಾರ ಅವರು ತೀರಿಕೊಂಡಿದ್ದಾರೆ ಎಂದು ಘೋಷಣೆಯಾದದ್ದು 2012ರಲ್ಲಿ. ಅಲ್ಲಿಯವರೆಗೆ ಐದು ವರ್ಷ ಮನೆಯವರಿಗೆ ಹೌದು, ಇಲ್ಲ ಎರಡೂ ಇಲ್ಲದ ಕಾಯುವಿಕೆ.

ಹಾಗಾದರೆ ನಿಮ್ಮ 850 ರೂಪಾಯಿ?

ಯುಪಿಐನ ಒಳಗಿನ ಏರ್ಪಾಡು ಅದರದ್ದೇ. ಆದರೆ ಅರ್ಧಕ್ಕೆ ನಿಂತ ವ್ಯವಹಾರ ಹಾಗೇ ಉಳಿಯಬಾರದು ಎಂಬ ನಿಯಮ ಇಲ್ಲೂ ಇದೆ. 2019ರ ಸೆಪ್ಟೆಂಬರ್‌ನ ಆರ್‌ಬಿಐ ಸುತ್ತೋಲೆ ಪ್ರಕಾರ:

• ವ್ಯಕ್ತಿಗೆ ಕಳಿಸಿದ ಹಣ ಅವರಿಗೆ ಸೇರದಿದ್ದರೆ ಮರುದಿನದೊಳಗೆ ನಿಮ್ಮ ಖಾತೆಗೆ ವಾಪಸ್ ಬರಬೇಕು.

• ಅಂಗಡಿಗೆ ಕೊಟ್ಟದ್ದು ಖಚಿತವಾಗದಿದ್ದರೆ ವಾಪಸಾತಿಗೆ 5 ದಿನದ ಗಡುವು.

• ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಪೆಂಡಿಂಗ್ ಇರುವಾಗ ಗಾಬರಿಯಾಗಿ ಮತ್ತೆ ಮತ್ತೆ ಹಣ ಕಳಿಸಬೇಡಿ. ಆ್ಯಪ್‌ನಲ್ಲೇ, ಅದೇ ವ್ಯವಹಾರದ ಮೇಲೆ ದೂರು ಕೊಡಿ, ಇಲ್ಲವೇ ನಿಮ್ಮ ಬ್ಯಾಂಕ್ ಶಾಖೆಗೆ ಹೋಗಿ. ಫಾರ್ವರ್ಡ್‌ನಲ್ಲಿ ಬಂದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಬೇಡಿ. ವಾಪಸ್ ಬರುವ ಹಣಕ್ಕೆ ಪಿನ್ ಬೇಕಾಗುವುದಿಲ್ಲ. ಪಿನ್ ಅಥವಾ ಒಟಿಪಿ ಕೇಳಿದರೆ ಅದು ಮೋಸ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪೆಂಡಿಂಗ್ ಅಂದರೆ ಹಣ ಮುಳುಗಿತು ಎಂದಲ್ಲ, ಎರಡು ಕಡೆಯ ಲೆಕ್ಕ ಇನ್ನೂ ಒಂದಾಗಿಲ್ಲ ಎಂದಷ್ಟೇ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.