ನಮ್ಮೂರ ಹಳಿ ಮತ್ತು ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯ ಎಂದರೆ ಎಲ್ಲರಿಗೂ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ರೈಲಿನ ವಿಷಯದಲ್ಲಿ ಅವರು ಪಟ್ಟ ಶ್ರಮ ಅಷ್ಟಾಗಿ ಗೊತ್ತಿಲ್ಲ. ದಾವಣಗೆರೆ, ಹರಿಹರದವರಾದ ನಮಗೆ ಅದು ಹತ್ತಿರದ ಸಂಗತಿ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಹಾಳಾದಾಗ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ ಕರೆಸಿಕೊಂಡದ್ದು ಇವರನ್ನೇ. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳ ಹಿಂದೆ ಅವರ ಯೋಜನೆಯಿದೆ.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆದಾಗ ರೈಲ್ವೆ ಇಲಾಖೆಯ ಕಾರ್ಯದರ್ಶಿ ಹೊಣೆಯೂ ಅವರ ಮೇಲೆ ಬಿತ್ತು. ಆಗಿನ ಸ್ಥಿತಿ ವಿಚಿತ್ರವಾಗಿತ್ತು. ಬೆಂಗಳೂರಿನಿಂದ ತುಮಕೂರಿನವರೆಗೆ 1884ರಲ್ಲಿ ಸರ್ಕಾರವೇ ಹಳಿ ಹಾಕಿತ್ತು. ಬರಗಾಲದ ಸಾಲ ಇನ್ನೂ ತೀರದೆ ಹಣ ಸಾಲದೆ ಬಂದದ್ದರಿಂದ 1886ರಲ್ಲಿ ಅದನ್ನು ಸದರನ್ ಮರಾಠಾ ರೈಲ್ವೆ ಎಂಬ ಖಾಸಗಿ ಕಂಪನಿಗೆ ವಹಿಸಿಕೊಟ್ಟಿತು. ಕಂಪನಿ ಲಂಡನ್ನಿನಲ್ಲಿ ಸಾಲ ಎತ್ತಿ, ದಾವಣಗೆರೆಯ ಮೂಲಕ ಹರಿಹರದವರೆಗೆ 1889ರಲ್ಲಿ ದಾರಿ ಮುಗಿಸಿತು. ರೈಲು ಬಂದದ್ದೇನೋ ನಿಜ. ಆದರೆ ನೆಲ ನಮ್ಮದು, ಬಡ್ಡಿಯ ಹೊರೆ ನಮ್ಮದು, ಗಾಡಿ ಓಡಿಸುವ ಅಧಿಕಾರ ಮಾತ್ರ ಕಂಪನಿಯದು.

ರಾಜ್ಯ ತನ್ನ ರೈಲನ್ನು ತಾನೇ ಕಟ್ಟಿ ತಾನೇ ನಡೆಸಬೇಕು ಎಂಬುದು ವಿಶ್ವೇಶ್ವರಯ್ಯನವರ ಹಟ. 1912ರಲ್ಲಿ ದಿವಾನರಾದ ಮೇಲೆ ಮೈಸೂರು-ಹಾಸನ-ಅರಸೀಕೆರೆ ಮಾರ್ಗವನ್ನು ಸರ್ಕಾರವೇ ಕಟ್ಟಿತು. 1918ರಲ್ಲಿ ಅದು ಪೂರ್ತಿಯಾಯಿತು. ಅಲ್ಲಿಯವರೆಗೆ ದಾವಣಗೆರೆಯ ಹುಡುಗ ಮೈಸೂರಿಗೆ ಓದಲು ಹೋಗಬೇಕಾದರೆ ಬೆಂಗಳೂರು ಸುತ್ತಬೇಕಿತ್ತು. ಈಗ ಅರಸೀಕೆರೆಯಲ್ಲಿ ಗಾಡಿ ಬದಲಿಸಿದರೆ ಸಾಕಾಯಿತು. ಭಟ್ಕಳಕ್ಕೆ ಹಳಿ ಹಾಕಿ ಮೈಸೂರಿಗೆ ತನ್ನದೇ ಬಂದರು ಮಾಡಿಕೊಡುವ ಆಸೆಯೂ ಅವರಿಗಿತ್ತು. ಅದು ಕೈಗೂಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಮುಸ್ಲಿಮರೂ ಸೇರಿದಂತೆ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿಯಿಂದ ಹೊರಬಂದರು. ವಿದ್ಯಾರ್ಥಿವೇತನದ ನೆರವಿನಿಂದ ಮೇಲೆ ಬಂದವರು ಈ ವಿಷಯದಲ್ಲಿ ಇನ್ನಷ್ಟು ಉದಾರವಾಗಿ ಯೋಚಿಸಬಹುದಿತ್ತು ಎಂದು ನನಗನ್ನಿಸುತ್ತದೆ. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಬೇಕಾಗಿಲ್ಲ.

ಅವರು ಹೊರಬಂದ ಮರುವರ್ಷವೇ ಮೈಸೂರಿನ ಕೆಲವು ಮಾರ್ಗಗಳು ಕಂಪನಿಯಿಂದ ಸರ್ಕಾರಕ್ಕೆ ಮರಳಿದವು. ನಮ್ಮ ಬೆಂಗಳೂರು-ಹರಿಹರ ಮಾರ್ಗ ಮಾತ್ರ 1938ರವರೆಗೆ ಕಾಯಬೇಕಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೂರು ವರ್ಷಗಳ ಬಳಿಕ ಅದೇ ಹಳಿಯ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ವಿಶ್ವೇಶ್ವರಯ್ಯನವರು ಇದೆಲ್ಲವನ್ನೂ ನೋಡಿದರು. 1955ರಲ್ಲಿ ಭಾರತರತ್ನ ಪಡೆದು, 1962ರ ಏಪ್ರಿಲ್ 14ರಂದು ತೀರಿಕೊಂಡರು.