ಕನ್ನಡಿಯ ಮೇಲೆ ಎಲ್ಲಿ? – ಇಬ್ನುಲ್ ಹೈಸಮ್ ಅವರ ಬದುಕು

ಕ್ಯಾರಂ ಆಡುವವರಿಗೆಲ್ಲ ಈ ಪೇಚು ಗೊತ್ತು. ಹೊಡೆಯಬೇಕಾದ ಕಾಯಿಗೆ ಬೇರೊಂದು ಕಾಯಿ ಅಡ್ಡ ನಿಂತಿರುತ್ತದೆ. ಸ್ಟ್ರೈಕರನ್ನು ಎದುರಿನ ಪಟ್ಟಿಗೆ ಹೊಡೆದು, ಅದು ತಿರುಗಿ ಬಂದು ಕಾಯಿಗೆ ತಾಗುವಂತೆ ಮಾಡಬೇಕು. ಆದರೆ ಪಟ್ಟಿಯ ಯಾವ ಜಾಗಕ್ಕೆ ಹೊಡೆಯಬೇಕು? ಸ್ಟ್ರೈಕರ್ ಬದಲು ಬೆಳಕಿನ ಕಿರಣ, ಪಟ್ಟಿಯ ಬದಲು ಕನ್ನಡಿ ಎಂದುಕೊಂಡರೂ ಪ್ರಶ್ನೆ ಅದೇ. ಸಾವಿರ ವರ್ಷಗಳ ಹಿಂದೆ ಈ ಪ್ರಶ್ನೆಯ ಬೆನ್ನು ಹತ್ತಿದವರು ಇಬ್ನುಲ್ ಹೈಸಮ್. ಇಂಗ್ಲಿಷ್ ಪುಸ್ತಕಗಳಲ್ಲಿ ಅವರ ಹೆಸರು ಅಲ್‌ಹಾಜೆನ್ ಎಂದಿರುತ್ತದೆ. ವಿಜ್ಞಾನ ಪ್ರದರ್ಶನಕ್ಕೆ ಕನ್ನಡಿ ಮತ್ತು ಟಾರ್ಚ್ ಇಟ್ಟು ಒಗಟಿನ ಆಟ ಮಾಡಬೇಕೆನ್ನುವ ಗೆಳೆಯ ಗೆಳತಿಯರು ಮೊದಲು ಅವರ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಆಟದ ನಿಯಮವೂ ಅದನ್ನು ಕಟ್ಟುವ ಬಗೆಯೂ ಅವರ ಬದುಕಿನಲ್ಲೇ ಸಿಗುತ್ತವೆ.

ಅಬೂ ಅಲೀ ಅಲ್-ಹಸನ್ ಇಬ್ನುಲ್ ಹೈಸಮ್ ಹುಟ್ಟಿದ್ದು ಕ್ರಿ.ಶ. 965ರ ಸುಮಾರಿಗೆ, ಇಂದಿನ ಇರಾಕಿನ ಬಸ್ರಾ ನಗರದಲ್ಲಿ. ಅದು ದೊಡ್ಡ ಬಂದರು. ಅರಬ್ ವ್ಯಾಪಾರಿಗಳ ಹಡಗುಗಳು ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿದ್ದ ಕಾಲವದು. ಅವರು ಹುಟ್ಟುವ ಹೊತ್ತಿಗಾಗಲೇ ಯೂಕ್ಲಿಡ್, ಟಾಲೆಮಿ, ಅರಿಸ್ಟಾಟಲ್ ಮುಂತಾದ ಗ್ರೀಕರ ಗ್ರಂಥಗಳು ಅರಬ್ಬೀ ಭಾಷೆಗೆ ಬಂದಿದ್ದವು. ಓದುವ ಆಸೆಯಿದ್ದ ಹುಡುಗನಿಗೆ ಗಣಿತ, ಖಗೋಳ, ತತ್ವಶಾಸ್ತ್ರ ಎಲ್ಲವೂ ತನ್ನ ಭಾಷೆಯಲ್ಲೇ ಸಿಗುತ್ತಿದ್ದವು. ಇಬ್ನುಲ್ ಹೈಸಮ್ ಅವನ್ನು ಓದಿದರು, ಗಣಿತದಲ್ಲಿ ಹೆಸರು ಮಾಡಿದರು.

ಅವರ ಬದುಕಿಗೆ ತಿರುವು ತಂದದ್ದು ಒಂದು ನದಿ. ಈ ಕಥೆಯನ್ನು ನಮಗೆ ತಿಳಿಸಿದವರು 13ನೇ ಶತಮಾನದ ಚರಿತ್ರೆಕಾರ ಅಲ್-ಕಿಫ್ತಿ. ಈಜಿಪ್ಟಿನ ನೈಲ್ ನದಿ ಒಂದು ವರ್ಷ ಉಕ್ಕಿ ಹರಿದರೆ ಇನ್ನೊಂದು ವರ್ಷ ಬತ್ತುತ್ತಿತ್ತು. ನಾನು ಅಲ್ಲಿದ್ದರೆ ಆ ನೀರನ್ನು ಹತೋಟಿಗೆ ತರುವ ಏರ್ಪಾಟು ಮಾಡುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದ ಮಾತು ಕೈರೋದ ಫಾತಿಮಿ ಖಲೀಫ ಅಲ್-ಹಾಕಿಮ್ ಅವರ ಕಿವಿಗೆ ಬಿತ್ತು. ಖಲೀಫರು ಅವರನ್ನು ಕರೆಸಿಕೊಂಡರು, ಮರ್ಯಾದೆ ಮಾಡಿದರು, ಕೆಲಸಗಾರರ ದಂಡನ್ನು ಜೊತೆ ಮಾಡಿ ನದಿಯ ಮೇಲ್ಭಾಗಕ್ಕೆ ಕಳಿಸಿದರು.

ಅಸ್ವಾನ್ ಬಳಿಗೆ ಹೋಗುವ ದಾರಿಯುದ್ದಕ್ಕೂ ಇಬ್ನುಲ್ ಹೈಸಮ್ ಹಳೆಯ ಈಜಿಪ್ಟಿನವರು ಕಟ್ಟಿದ ಭಾರಿ ಕಲ್ಲಿನ ಕಟ್ಟಡಗಳನ್ನು ನೋಡಿದರು. ಇಷ್ಟು ಕರಾರುವಾಕ್ಕಾಗಿ ಕಟ್ಟಬಲ್ಲವರಿಗೆ ಈ ನದಿಯನ್ನು ತಡೆಯುವುದು ಸಾಧ್ಯವಿದ್ದಿದ್ದರೆ ಅವರೇ ಮಾಡಿರುತ್ತಿದ್ದರು ಎಂಬ ಯೋಚನೆ ಬಂತು. ಜಾಗಕ್ಕೆ ಹೋಗಿ ನೋಡಿದಾಗ ಅದು ಖಚಿತವಾಯಿತು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದ್ದನ್ನು ಕಂಡ ಅಗಸೂರಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಗದದ ಮೇಲಿನ ನದಿಯೇ ಬೇರೆ, ಎದುರಿಗೆ ಹರಿಯುವ ನದಿಯೇ ಬೇರೆ. ಅಸ್ವಾನಿನಲ್ಲಿ ದೊಡ್ಡ ಅಣೆಕಟ್ಟು ಪೂರ್ತಿಯಾದದ್ದು 1970ರಲ್ಲಿ, ಯಂತ್ರಗಳ ಕಾಲದಲ್ಲಿ.

ಇಬ್ನುಲ್ ಹೈಸಮ್ ಕೈರೋಗೆ ಮರಳಿ, ಈ ಕೆಲಸ ಆಗದು ಎಂದು ಒಪ್ಪಿಕೊಂಡರು. ಅಲ್-ಹಾಕಿಮ್ ಸಿಟ್ಟಿನ ಅರಸ. ಅವರ ಕಾಲದಲ್ಲಿ ಎಷ್ಟೋ ಅಧಿಕಾರಿಗಳು ಜೀವ ಕಳೆದುಕೊಂಡಿದ್ದರು. ಕೊಟ್ಟ ಸಣ್ಣ ಹುದ್ದೆಯನ್ನು ಒಲ್ಲೆ ಎನ್ನುವಂತಿರಲಿಲ್ಲ, ಒಪ್ಪಿದರೆ ಯಾವ ದಿನ ಏನಾಗುತ್ತದೋ ಎಂಬ ಭಯ. ಅಲ್-ಕಿಫ್ತಿ ಬರೆದಂತೆ, ಇಬ್ನುಲ್ ಹೈಸಮ್ ಹುಚ್ಚು ಹಿಡಿದವರಂತೆ ನಟಿಸಿದರು. ಅವರ ಸೊತ್ತನ್ನು ವಶಪಡಿಸಿಕೊಂಡು, ಅವರನ್ನು ಮನೆಯಲ್ಲೇ ಕೂಡಿಹಾಕಲಾಯಿತು. 1021ರ ಒಂದು ರಾತ್ರಿ ಅಲ್-ಹಾಕಿಮ್ ಕಾಣೆಯಾದರು, ಮತ್ತೆ ಬರಲಿಲ್ಲ. ಆ ಮೇಲೆ ಇಬ್ನುಲ್ ಹೈಸಮ್ ನಟನೆ ಬಿಟ್ಟು ಹೊರಬಂದರು. ಅಲ್-ಅಝ್ಹರ್ ಮಸೀದಿಯ ಹತ್ತಿರ ನೆಲೆಸಿ, ಯೂಕ್ಲಿಡ್ ಮತ್ತು ಟಾಲೆಮಿಯ ಗ್ರಂಥಗಳ ಪ್ರತಿ ತೆಗೆದು ಮಾರಿ ಹೊಟ್ಟೆ ಹೊರೆದರು. ತೀರಿಕೊಂಡದ್ದು 1040ರ ಸುಮಾರಿಗೆ, ಕೈರೋದಲ್ಲಿ.

ಅವರು ಬರೆದ ಕೃತಿಗಳ ಸಂಖ್ಯೆ ತೊಂಬತ್ತನ್ನು ದಾಟುತ್ತದೆ. ಎಲ್ಲಕ್ಕಿಂತ ಹೆಸರಾದದ್ದು ಕಿತಾಬುಲ್ ಮನಾಝಿರ್, ಅಂದರೆ ನೋಟದ ಪುಸ್ತಕ. ಅದರಲ್ಲಿ ಏಳು ಭಾಗಗಳು. ಮೊದಲ ಮೂರು ಭಾಗ ನಾವು ಹೇಗೆ ನೋಡುತ್ತೇವೆ ಎಂಬುದರ ಬಗ್ಗೆ, ನಂತರದ ಮೂರು ಪ್ರತಿಫಲನದ ಬಗ್ಗೆ, ಕೊನೆಯದು ವಕ್ರೀಭವನದ ಬಗ್ಗೆ.

ಆ ಕಾಲಕ್ಕೆ ಬಹಳ ಗೌರವವಿದ್ದ ಒಂದು ವಾದವೆಂದರೆ, ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ, ಆಗ ನಮಗೆ ಅದು ಕಾಣುತ್ತದೆ ಎಂಬುದು. ಯೂಕ್ಲಿಡ್ ಹಾಗೆ ಹೇಳಿದ್ದರು, ಟಾಲೆಮಿಯೂ ಹೇಳಿದ್ದರು. ಇಬ್ನುಲ್ ಹೈಸಮ್ ಅವರಿಗೆ ಇಬ್ಬರ ಮೇಲೂ ಗೌರವವಿತ್ತು. ಆದರೂ ಅವರು ಒಂದು ಸರಳ ಸಂಗತಿಯಿಂದ ಶುರು ಮಾಡಿದರು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರ ಬೆಳಕನ್ನು ನೋಡಿ ಕತ್ತಲೆಗೆ ತಿರುಗಿದರೆ ಅದರ ಗುರುತು ಸ್ವಲ್ಪ ಹೊತ್ತು ಕಣ್ಣಲ್ಲೇ ಉಳಿಯುತ್ತದೆ. ಹಾಗಾದರೆ ಹೊರಗಿನಿಂದ ಏನೋ ಕಣ್ಣಿಗೆ ಬಂದು ತಾಗುತ್ತಿದೆ. ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ನೇರ ಗೆರೆಯಲ್ಲಿ ಹೊರಡುತ್ತದೆ, ಅದು ಕಣ್ಣಿಗೆ ಬಂದಾಗ ನಾವು ನೋಡುತ್ತೇವೆ ಎಂದು ಅವರು ತೀರ್ಮಾನಿಸಿದರು.

ಹೇಳಿ ಸುಮ್ಮನಾಗದೆ ಪರೀಕ್ಷೆ ಮಾಡಿದರು. ಕತ್ತಲೆ ಕೋಣೆಗೆ ಒಂದು ಸಣ್ಣ ತೂತು. ಹೊರಗೆ ಸಾಲಾಗಿ ಕೆಲವು ದೀಪಗಳು. ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಮಚ್ಚೆಗಳು. ಒಂದು ದೀಪಕ್ಕೆ ಮರೆ ಹಿಡಿದರೆ ಅದಕ್ಕೆ ಎದುರಾದ ಮಚ್ಚೆ ಮಾತ್ರ ಮಾಯವಾಗುತ್ತದೆ, ಮರೆ ತೆಗೆದರೆ ಮರಳಿ ಬರುತ್ತದೆ. ಒಂದೇ ತೂತಿನಲ್ಲಿ ಹಾದರೂ ಬೆಳಕುಗಳು ಒಂದಕ್ಕೊಂದು ಬೆರೆತು ಗೊಂದಲವಾಗುವುದಿಲ್ಲ. ಹೆಂಚಿನ ಮನೆಯಲ್ಲಿ ಬೆಳೆದವರು ಇದರ ತಮ್ಮನನ್ನು ನೋಡಿಯೇ ಇರುತ್ತಾರೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ನೆಲದ ಮೇಲೆ ದುಂಡಗಿನ ನಾಣ್ಯದಂತೆ ಬೀಳುತ್ತದೆ. ಸಂದಿ ದುಂಡಗಿಲ್ಲ, ಸೂರ್ಯ ದುಂಡಗಿದ್ದಾನೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕಾಸರಗೋಡಿನ ಕಡೆ ಕಂಕಣ ಗ್ರಹಣ, ನಮ್ಮಲ್ಲಿ ಪಾರ್ಶ್ವ ಗ್ರಹಣ. ಅಂಥ ಹೊತ್ತಿನಲ್ಲಿ ಮರದ ನೆರಳಿನ ನಡುವೆ ಬೀಳುವ ಬಿಸಿಲಿನ ಮಚ್ಚೆಗಳು ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ಗ್ರಹಣದ ಈ ಆಕಾರದ ಬಗ್ಗೆಯೇ ಇಬ್ನುಲ್ ಹೈಸಮ್ ಒಂದು ಪ್ರತ್ಯೇಕ ಪ್ರಬಂಧ ಬರೆದಿದ್ದಾರೆ.

ಇನ್ನು ಕನ್ನಡಿಗಳ ವಿಚಾರ. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂಬುದು ಗ್ರೀಕರಿಗೂ ಗೊತ್ತಿತ್ತು. ಇಬ್ನುಲ್ ಹೈಸಮ್ ಅದನ್ನು ಪುಸ್ತಕದಲ್ಲಿದೆ ಎಂದು ಒಪ್ಪಿಕೊಳ್ಳಲಿಲ್ಲ. ಲೋಹದ ಒಂದು ಉಪಕರಣದ ವಿವರ ಕೊಟ್ಟು, ಅದರಲ್ಲಿ ಏಳು ಬಗೆಯ ಕನ್ನಡಿಗಳನ್ನು ಒಂದೊಂದಾಗಿ ಕೂರಿಸಿ ಪರೀಕ್ಷಿಸುವ ವಿಧಾನ ಬರೆದರು. ಒಂದು ಸಮತಲ, ಉಳಿದವು ಗೋಳ, ಸಿಲಿಂಡರ್, ಶಂಕು ಆಕಾರದವು, ಪ್ರತಿಯೊಂದರಲ್ಲೂ ಉಬ್ಬಿದ್ದು ಒಂದು, ತಗ್ಗಿದ್ದು ಒಂದು. ಎಲ್ಲದರಲ್ಲೂ ಕೋನಗಳು ಸಮ. ಬಂದ ಕಿರಣ, ಹೋದ ಕಿರಣ, ಲಂಬ ಮೂರೂ ಒಂದೇ ಸಮತಲದಲ್ಲಿ. ಪ್ರತಿಫಲಿಸಿದ ಬೆಳಕು ಮೂಲ ಬೆಳಕಿಗಿಂತ ಮಂದ ಎಂಬುದನ್ನೂ ಅವರು ಗಮನಿಸಿದರು.

ನಿಯಮ ಸುಲಭ. ಒಗಟು ಕಷ್ಟ. ಬೆಳಕು ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಕನ್ನಡಿ ಮೂರನೇ ಕಡೆ ಇದ್ದರೆ, ಕನ್ನಡಿಯ ಮೇಲೆ ಯಾವ ಬಿಂದುವಿನಲ್ಲಿ ಪ್ರತಿಫಲನ ಆಗುತ್ತದೆ? ಕನ್ನಡಿ ಸಮತಲವಾಗಿದ್ದರೆ ನಾವೂ ಬಿಡಿಸಬಹುದು. ಟಾರ್ಚ್ ಕನ್ನಡಿಯಿಂದ 20 ಸೆಂ.ಮೀ., ಗುರಿ 40 ಸೆಂ.ಮೀ. ದೂರದಲ್ಲಿದೆ. ಎರಡರಿಂದಲೂ ಕನ್ನಡಿಗೆ ಎಳೆದ ಲಂಬಗಳ ನಡುವಿನ ಅಂತರ 90 ಸೆಂ.ಮೀ. ಗುರಿಯನ್ನು ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ, ಅಂದರೆ 40 ಸೆಂ.ಮೀ. ಹಿಂದೆ ಇದೆ ಎಂದುಕೊಂಡು ಟಾರ್ಚಿನಿಂದ ಅಲ್ಲಿಗೆ ನೇರ ಗೆರೆ ಎಳೆಯಿರಿ. ಅದು ಕನ್ನಡಿಯನ್ನು ಟಾರ್ಚಿನ ಲಂಬದಿಂದ 30 ಸೆಂ.ಮೀ. ದೂರದಲ್ಲಿ ದಾಟುತ್ತದೆ. ಅದೇ ಉತ್ತರ.

ಈಗ ಕ್ಯಾರಂ ಬೋರ್ಡನ್ನೇ ದುಂಡಗೆ ಮಾಡಿ ನೋಡಿ. ಒಳಗೆ ಎಲ್ಲೋ ಸ್ಟ್ರೈಕರ್, ಎಲ್ಲೋ ಕಾಯಿ. ಸುತ್ತಲಿನ ಪಟ್ಟಿಯ ಮೇಲೆ ಎಲ್ಲಿ ಹೊಡೆಯಬೇಕು? ಕನ್ನಡಿಯ ಹಿಂದೆ ಪ್ರತಿಬಿಂಬ ಇಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಸರಿಯಾದ ಜಾಗ ಒಂದೇ ಅಲ್ಲ, ಕೆಲವು ಸಲ ನಾಲ್ಕರವರೆಗೂ ಇರಬಹುದು. ಇಬ್ನುಲ್ ಹೈಸಮ್ ತಮ್ಮ ಪುಸ್ತಕದ ಐದನೇ ಭಾಗದಲ್ಲಿ ಇದನ್ನು ಶಂಕುಜಗಳ ಸಹಾಯದಿಂದ, ಒಂದು ವೃತ್ತ ಮತ್ತು ಒಂದು ಅತಿಪರವಲಯ ಕೂಡುವ ಜಾಗ ಹುಡುಕಿ ಬಿಡಿಸಿದರು. ಈ ಲೆಕ್ಕಕ್ಕೆ ಇಂದಿಗೂ ಅಲ್‌ಹಾಜೆನ್ ಸಮಸ್ಯೆ ಎಂದೇ ಹೆಸರು. 17ನೇ ಶತಮಾನದಲ್ಲಿ ಹಾಲೆಂಡಿನ ಹೈಗೆನ್ಸ್ ಇನ್ನೂ ಸರಳ ದಾರಿ ಕಂಡುಕೊಂಡರು. ಬರೀ ಅಳತೆಪಟ್ಟಿ ಮತ್ತು ಕೈವಾರದಿಂದ ಎಲ್ಲ ಸಂದರ್ಭದಲ್ಲೂ ಇದನ್ನು ಬಿಡಿಸಲಾಗದು ಎಂದು ಆಕ್ಸ್‌ಫರ್ಡಿನ ಪೀಟರ್ ನ್ಯೂಮನ್ ಸಾಧಿಸಿ ತೋರಿಸಿದ್ದು 1997ರಲ್ಲಿ. ಒಂದು ಒಗಟು ಸುಮಾರು ಸಾವಿರ ವರ್ಷ ಗಣಿತಜ್ಞರನ್ನು ಆಡಿಸಿತು.

ಅವರ ಪುಸ್ತಕ 1200ರ ಆಸುಪಾಸಿನಲ್ಲಿ ಲ್ಯಾಟಿನ್ ಭಾಷೆಗೆ ಹೋಯಿತು. ರೋಜರ್ ಬೇಕನ್ ಅದನ್ನು ಓದಿದರು. 1572ರಲ್ಲಿ ಬಾಸೆಲ್ ನಗರದಲ್ಲಿ ಅದು ಅಚ್ಚಾಯಿತು, ಕೆಪ್ಲರ್ ಕೈಗೂ ಬಂತು. ಪೂರ್ವದಲ್ಲಿ ಕಮಾಲುದ್ದೀನ್ ಅಲ್-ಫಾರಿಸಿ ಅದಕ್ಕೆ ವ್ಯಾಖ್ಯಾನ ಬರೆದು, ನೀರು ತುಂಬಿದ ಗಾಜಿನ ಗೋಳದಿಂದ ಕಾಮನಬಿಲ್ಲಿನ ಗುಟ್ಟು ಬಿಡಿಸಿದರು. ಇಂದು ಚಂದ್ರನ ಮೇಲಿನ ಒಂದು ಕುಳಿಗೆ ಅಲ್‌ಹಾಜೆನ್ ಹೆಸರಿದೆ. ಇರಾಕಿನ 10,000 ದಿನಾರ್ ನೋಟಿನ ಮೇಲೆ ಅವರ ಚಿತ್ರ ಬಂದಿದೆ.

ಟಾಲೆಮಿಯ ಮೇಲಿನ ಸಂದೇಹಗಳು ಎಂಬ ಇನ್ನೊಂದು ಕೃತಿಯಲ್ಲಿ ಇಬ್ನುಲ್ ಹೈಸಮ್ ಓದುವವರಿಗೆ ಒಂದು ದಾರಿ ಹೇಳುತ್ತಾರೆ. ಹಿರಿಯರ ಪುಸ್ತಕವನ್ನು ಓದುವಾಗ ನಂಬಿಕೆಯನ್ನು ಬದಿಗಿಟ್ಟು ಪುರಾವೆ ಕೇಳಬೇಕು. ಹಾಗೆ ಕೇಳುವಾಗ ತನ್ನ ಮೇಲೂ ಸಂಶಯ ಇಟ್ಟುಕೊಳ್ಳಬೇಕು. ನೈಲ್ ನದಿಯ ಮುಂದೆ ತನ್ನ ಮಾತನ್ನೇ ಹಿಂದೆಗೆದುಕೊಳ್ಳಬೇಕಾಗಿ ಬಂದವರು ಇದನ್ನು ಬರೆದಾಗ ಅದಕ್ಕೆ ತೂಕ ಹೆಚ್ಚು. ಆ ಒಪ್ಪಿಗೆಗೆ ಅವರು ತಮ್ಮ ಸ್ವಾತಂತ್ರ್ಯವನ್ನೇ ಬೆಲೆಯಾಗಿ ಕೊಟ್ಟಿದ್ದರು.

ಕನ್ನಡಿ ಆಟ ಮಾಡುವವರಿಗೂ ಇದೇ ದಾರಿ. ಚದುರಂಗದ ಹಾಗೆ 8 × 8 ಮನೆಗಳ ರಟ್ಟು ಸಾಕು. ಕನ್ನಡಿ ಚೂರುಗಳನ್ನು ಮನೆಯ ಮೂಲೆಯಿಂದ ಮೂಲೆಗೆ ನಿಲ್ಲಿಸಿದರೆ ಕಿರಣ ಸರಿಯಾಗಿ 90 ಡಿಗ್ರಿ ತಿರುಗುತ್ತದೆ. ಮಾಮೂಲಿ ಕನ್ನಡಿಯಲ್ಲಿ ಹೊಳಪಿನ ಲೇಪ ಗಾಜಿನ ಹಿಂದೆ ಇರುವುದರಿಂದ ಆ ಹಿಂಬದಿಯೇ ಗೆರೆಯ ಮೇಲೆ ಬರಬೇಕು. ಲೇಸರ್ ಕಣ್ಣಿಗೆ ಅಪಾಯ. ಟಾರ್ಚಿನ ಮುಂದೆ ಸಣ್ಣ ಸೀಳಿರುವ ರಟ್ಟು ಅಂಟಿಸಿದರೆ ಸಾಕು. ಕಿಟಕಿ ಮುಚ್ಚಿ ಒಂದು ಊದುಬತ್ತಿ ಹಚ್ಚಿದರೆ ಹೊಗೆಯಲ್ಲಿ ಕಿರಣದ ದಾರಿ ಕಾಣುತ್ತದೆ. ಪ್ರತಿ ಕನ್ನಡಿಯಲ್ಲೂ ಬೆಳಕು ಸ್ವಲ್ಪ ಮಂಕಾಗುವುದರಿಂದ ಐದಾರು ಕನ್ನಡಿಗಿಂತ ಹೆಚ್ಚು ಬೇಡ.

ಒಗಟನ್ನು ಗುರಿಯಿಂದ ಹಿಂದಕ್ಕೆ ಕಟ್ಟುವುದು ಸುಲಭ, ಏಕೆಂದರೆ ಬೆಳಕು ಹೋದ ದಾರಿಯಲ್ಲೇ ಮರಳಬಲ್ಲದು. ಮೊದಲು ಉತ್ತರ ಜೋಡಿಸಿ, ಆಮೇಲೆ ಕನ್ನಡಿಗಳನ್ನು ತೆಗೆದು ಆಡುವವರ ಕೈಗೆ ಕೊಡಿ. ಒಂದು ಲೆಕ್ಕ ನೆನಪಿರಲಿ. ಕನ್ನಡಿಗಳ ಸಂಖ್ಯೆ ಸಮವಾದರೆ ಅಡ್ಡಲಾಗಿ ಹೊರಟ ಕಿರಣ ಅಡ್ಡಲಾಗಿಯೇ ಗುರಿ ಸೇರುತ್ತದೆ, ಬೆಸವಾದರೆ ಉದ್ದಕ್ಕೆ ಸೇರುತ್ತದೆ. ಗುರಿಯ ಬಾಯಿ ಯಾವ ಕಡೆ ತೆರೆದಿದೆ ಎಂದು ನೋಡಿದ ಜಾಣರು ಎಷ್ಟು ಕನ್ನಡಿ ಬೇಕೆಂಬ ಅರ್ಧ ಉತ್ತರ ಆಗಲೇ ಹಿಡಿದಿರುತ್ತಾರೆ. ನೀವು ಕಟ್ಟಿದ ಒಗಟಿಗೆ ನಿಮಗೆ ತಿಳಿಯದ ಇನ್ನೊಂದು ಉತ್ತರ ಇದೆಯೇ ಎಂಬುದನ್ನು ಬೇರೆಯವರಿಂದ ಆಡಿಸಿಯೇ ನೋಡಬೇಕು. ಕೊನೆಯ ಹಂತಕ್ಕೆ ಹೊಳಪಿನ ಸ್ಟೀಲ್ ಪಟ್ಟಿಯನ್ನು ಬಗ್ಗಿಸಿ ನಿಲ್ಲಿಸಿ. ಅಲ್ಲಿಂದ ಮುಂದೆ ಇಬ್ನುಲ್ ಹೈಸಮ್ ಅವರ ಒಗಟು ಶುರುವಾಗುತ್ತದೆ.

ಮೊಬೈಲಿನಲ್ಲಿ ಆಡುವ ಇಂಥ ಆಟಗಳೂ ಇದೇ ಕೋನದ ನಿಯಮದ ಮೇಲೆ ನಡೆಯುತ್ತವೆ. ಆದರೆ ಅಲ್ಲಿ ಕಿರಣ ಎತ್ತ ತಿರುಗಬೇಕೆಂದು ಬರೆದಿಟ್ಟವರು ಒಬ್ಬರಿದ್ದಾರೆ. ರಟ್ಟಿನ ಮೇಲಿನ ಆಟದಲ್ಲಿ ಹಾಗಿಲ್ಲ. ಕನ್ನಡಿಯನ್ನು ಕೂದಲೆಳೆಯಷ್ಟು ತಪ್ಪಾಗಿ ನಿಲ್ಲಿಸಿದರೂ ಕಿರಣ ಗುರಿಯ ಪಕ್ಕದ ಗೋಡೆಗೆ ಬೀಳುತ್ತದೆ. ಮೇಷ್ಟ್ರ ಮಾತಾಗಲಿ, ಪುಸ್ತಕದ ಹೆಸರಾಗಲಿ ಅದನ್ನು ಗುರಿಗೆ ತರಲಾರದು. ಕನ್ನಡಿಯನ್ನು ಸರಿಸಿ ಮತ್ತೆ ನೋಡುವುದೊಂದೇ ದಾರಿ.